ಒಂದು ಮಾರು ದೂರದಿಂದ: ಪುಟ್ಟ ಕ್ಯಾಮೆರಾದಲ್ಲಿ ನಮ್ಮ ಪೇಟೆಯ ಕಪ್ಪು-ಬಿಳುಪು ಚಿತ್ರಗಳು

ಕಾರವಾರದ ಭಾನುವಾರದ ಸಂತೆಯಲ್ಲಿ ದೊಡ್ಡ ಲೆನ್ಸಿನ ಕ್ಯಾಮೆರಾ ಹಿಡಿದು ನಿಂತರೆ ಮೊದಲು ಕೇಳಿಬರುವ ಪ್ರಶ್ನೆ, ‘ಯಾವ ಪೇಪರಿನವರು?’ ಅಷ್ಟರಲ್ಲಿ ಬದನೆಕಾಯಿ ತೂಗುತ್ತಿದ್ದ ಕೈ ನಿಂತಿರುತ್ತದೆ, ಸೆರಗು ಸರಿಯಾಗಿರುತ್ತದೆ, ಫೋಟೊಕ್ಕೆಂದೇ ಇಟ್ಟುಕೊಂಡ ನಗು ಮುಖಕ್ಕೆ ಬಂದು ಕುಳಿತಿರುತ್ತದೆ. ಕಿಸೆಯಲ್ಲಿ ಹಿಡಿಯುವ ಕ್ಯಾಮೆರಾ ಒಯ್ದರೆ ಪ್ರಶ್ನೆಯೇ ಬೇರೆ: ‘ಏನು ಕೊಡಲಿ?’ ಆರು ವರ್ಷಗಳಿಂದ ನಾನು ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತ, ಸೊಪ್ಪು-ಮೀನು ಕೊಳ್ಳುತ್ತ, ನಡುನಡುವೆ ಚಿತ್ರ ತೆಗೆಯುತ್ತ ಬಂದಿದ್ದೇನೆ.

ಬೀದಿ ಛಾಯಾಗ್ರಹಣದ ಬಗ್ಗೆ ಸಿಗುವ ಸಲಹೆಗಳು ಬಹುಪಾಲು ಮಹಾನಗರಗಳಲ್ಲಿ ಹುಟ್ಟಿದವು. ತೆಗೆ, ಜನಜಂಗುಳಿಯಲ್ಲಿ ಕರಗು ಎನ್ನುತ್ತವೆ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಅಂಕೋಲೆಯಲ್ಲಾಗಲಿ ಯಾರೂ ಕರಗಿ ಹೋಗಲಾರರು. ಇಂದು ಯಾರ ಚಿತ್ರ ತೆಗೆದೆವೋ ಮುಂದಿನ ವಾರ ಅವರ ಬಳಿಯೇ ಬಂಗಡೆ ಕೊಳ್ಳಬೇಕು. ಅವರ ಮಗಳು ನಮ್ಮ ಮಗಳ ತರಗತಿಯಲ್ಲೇ ಇರುತ್ತಾಳೆ. ಹಾಗಾಗಿ ನಮ್ಮ ಊರುಗಳಿಗೆ ಒಪ್ಪುವ ಕ್ರಮ ಬೇರೆ. ಯಂತ್ರದ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು, ಬೀದಿಯಲ್ಲಿ ಕಣ್ಣು ಮತ್ತು ಮಾತು ಎರಡೇ ಉಳಿಯಬೇಕು. ಆ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಯಾವ ಕ್ಯಾಮೆರಾ?

ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟು ಸೆನ್ಸರಿನ, ಎಂದರೆ ಬೆಳಕು ಹಿಡಿಯುವ ಫಲಕದ, ಅಳತೆ ನೋಡಿ. 2019ರ ರಿಕೋ ಜಿಆರ್ 3 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಎಪಿಎಸ್-ಸಿ ಎಂಬ ದೊಡ್ಡ ಅಳತೆಯ ಸೆನ್ಸರ್, 28 ಮಿ.ಮೀ. ನೋಟದ (ಈ ಅಂಕಿ ಕಿರಿದಾದಷ್ಟೂ ನೋಟ ಅಗಲ) ಒಂದೇ ಲೆನ್ಸ್, ಬ್ಯಾಟರಿ ಮತ್ತು ಕಾರ್ಡ್ ಸೇರಿ ಸುಮಾರು 257 ಗ್ರಾಂ. 2021ರ ಜಿಆರ್ 3ಎಕ್ಸ್‌ನದು 40 ಮಿ.ಮೀ. ನೋಟ. ಫ್ಯೂಜಿಫಿಲ್ಮಿನ ಎಕ್ಸ್100 ಸರಣಿ 35 ಮಿ.ಮೀ. ನೋಟದ್ದು, ಒಳ್ಳೆಯದು, ಆದರೆ ಕಿಸೆಗೆ ಹಿಡಿಯದು. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸೋನಿಯ ಆರ್‌ಎಕ್ಸ್100 ಹಳೆಯದೊಂದನ್ನು ಹುಡುಕಿ. 2012ರಲ್ಲಿ ಬಂದ ಆ ಮಾದರಿಯ ಒಂದು ಇಂಚಿನ ಸೆನ್ಸರ್ ಇವತ್ತಿಗೂ ಸಾಕು. ಮನೆಯ ಕಪಾಟಿನಲ್ಲಿ ಮಲಗಿರುವ ಹಳೆಯ ಪುಟ್ಟ ಕ್ಯಾಮೆರಾ ಕೂಡ ಹಗಲಿನಲ್ಲಿ ಕೈಕೊಡುವುದಿಲ್ಲ. ಜೂಮ್ ಇದ್ದರೆ ಅದನ್ನು 28 ಅಥವಾ 35ರಲ್ಲಿಟ್ಟು ಒಂದು ವರ್ಷ ಮುಟ್ಟದಿರಿ. ದೂರವನ್ನು ಕಾಲಿನಿಂದ ಅಳೆಯುವ ಅಭ್ಯಾಸ ಬರುವುದು ಆಗಲೇ.

ಕರಾವಳಿಯಲ್ಲಿ ಬಳಸಿದ ಕ್ಯಾಮೆರಾ ಕೊಳ್ಳುವವರು ಎರಡು ಪರೀಕ್ಷೆ ಮಾಡಲೇಬೇಕು. ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ನೂಲಿನಂಥ ಗೆರೆಗಳು ಕಂಡರೆ ಅದು ಬೂಷ್ಟು, ಬೇಡ ಎನ್ನಿ. ಅಪರ್ಚರನ್ನು, ಎಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು, ಅತಿ ಕಿರಿದು ಮಾಡಿ ಸುಣ್ಣದ ಗೋಡೆಯ ಚಿತ್ರ ತೆಗೆಯಿರಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ಇವುಗಳ ಲೆನ್ಸ್ ಕಳಚಲು ಬರುವುದಿಲ್ಲವಾದ್ದರಿಂದ ಆ ಧೂಳು ತೆಗೆಯುವುದು ದುಬಾರಿಯ ಕೆಲಸ.

ಹೊಸ್ತಿಲು ದಾಟುವ ಮೊದಲು

ಚಿತ್ರಗಳನ್ನು ರಾ (ಸೆನ್ಸರ್ ಹಿಡಿದ ಮೂಲ ಮಾಹಿತಿ) ಮತ್ತು ಜೆಪೆಗ್ (ಸಿದ್ಧ ಚಿತ್ರ) ಎರಡರಲ್ಲೂ ಉಳಿಸುವಂತೆ ಹೊಂದಿಸಿ, ಚಿತ್ರಶೈಲಿಯನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಆಗ ಪರದೆಯ ಮೇಲೆ ಲೋಕವೇ ಕಪ್ಪು-ಬಿಳುಪಾಗಿ ಕಾಣುತ್ತದೆ, ರಾ ಕಡತದಲ್ಲಿ ಮಾತ್ರ ಬಣ್ಣದ ಮಾಹಿತಿಯೆಲ್ಲ ಹಾಗೆಯೇ ಉಳಿದಿರುತ್ತದೆ. ಬಣ್ಣದಲ್ಲಿ ತೆಗೆದು ಮನೆಗೆ ಬಂದು ಕಪ್ಪು-ಬಿಳುಪು ಮಾಡಿದರೂ ಅದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಕಡತಕ್ಕೆ ಅದೇ, ಕಣ್ಣಿಗೆ ಅಲ್ಲ. ಪರದೆಯಲ್ಲಿ ಬಣ್ಣ ಕಾಣುತ್ತಿದ್ದರೆ ನೀವು ಕೆಂಪು ಕೊಡೆಯ ಹಿಂದೆ ಹೋಗುತ್ತೀರಿ. ಬಣ್ಣವಿಲ್ಲದಿದ್ದರೆ ಆ ಕೊಡೆಯಂಚಿನಿಂದ ಮುಖಕ್ಕೆ ಇಳಿಯುವ ಬೆಳಕಿನ ಹಿಂದೆ ಹೋಗುತ್ತೀರಿ.

ಉಳಿದವನ್ನು ಬೇಗ ಮುಗಿಸಬಹುದು. ಬೀಪ್ ಸದ್ದು, ಫ್ಲ್ಯಾಶ್, ಫೋಕಸಿಗೆ ನೆರವಾಗುವ ಪುಟ್ಟ ದೀಪ, ತೆಗೆದ ಚಿತ್ರ ತಾನಾಗಿ ಪರದೆಗೆ ಬರುವುದು ಎಲ್ಲವನ್ನೂ ನಿಲ್ಲಿಸಿ. ಆ ದೀಪವನ್ನು ಮರೆಯಬೇಡಿ, ಮುಖಕ್ಕೆ ದೀಪ ಬಿಟ್ಟಂತಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಪರ್ಚರ್ ಎಫ್ 8 (ಈ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 200ರಿಂದ 3200ರವರೆಗೆ ತಾನಾಗಿ ಏರಿಳಿಯುವಂತೆ ಇಡಿ. ಬಿಸಿಲಿನಲ್ಲಿ ಐಎಸ್‌ಒ 200, ಎಫ್ 8ಕ್ಕೆ ಶಟರ್ ಸುಮಾರು 800ನೇ ಒಂದು ಭಾಗಕ್ಕೆ ಬರುತ್ತದೆ, ನಡೆಯುವ ಕಾಲೂ ನಿಂತಂತೆ ಮೂಡುತ್ತದೆ. ಐಎಸ್‌ಒ 3200ರಲ್ಲಿ ಕಾಣುವ ಕಾಳುಕಾಳಿನ ಬಗ್ಗೆ ಚಿಂತೆ ಬೇಡ. ಬಣ್ಣದಲ್ಲಿ ಕಲೆಯಂತೆ ಕಾಣುವುದು ಕಪ್ಪು-ಬಿಳುಪಿನಲ್ಲಿ ಮರಳಿನಂತೆ ಹರಡಿಕೊಳ್ಳುತ್ತದೆ. ಬ್ಯಾಟರಿ ಪುಟ್ಟದು, ಜಿಆರ್ 3ರದು ಸುಮಾರು 200 ಚಿತ್ರಗಳಿಗೆ ಮುಗಿಯುತ್ತದೆ. ಎರಡು ಒಯ್ಯಿರಿ.

ಒಂದು ಮಾರು

ಪುಟ್ಟ ಕ್ಯಾಮೆರಾದ ನಿಜವಾದ ಬಲ ಇರುವುದು ಫೋಕಸನ್ನು ಒಂದು ದೂರಕ್ಕೆ ಕಟ್ಟಿಹಾಕುವುದರಲ್ಲಿ. ರಿಕೋದಲ್ಲಿ ಇದಕ್ಕೆ ಸ್ನ್ಯಾಪ್ ಫೋಕಸ್ ಎನ್ನುತ್ತಾರೆ. ಬೇರೆಯವುಗಳಲ್ಲಿ ಮ್ಯಾನ್ಯುಯಲ್ ಫೋಕಸಿಗೆ ಹೋಗಿ ದೂರ ನಿಗದಿ ಮಾಡಬಹುದು. ಎರಡು ಮೀಟರಿಗೆ ಇಡಿ. ಜಿಆರ್ 3ರ ಲೆನ್ಸನ್ನು ಎಫ್ 8ರಲ್ಲಿ ಎರಡು ಮೀಟರಿಗೆ ಕಟ್ಟಿದರೆ ಸುಮಾರು ಒಂದು ಮೀಟರಿನಿಂದ ಹಿಡಿದು ಬೀದಿಯ ಕೊನೆಯವರೆಗೆ ಎಲ್ಲವೂ ಸ್ಪಷ್ಟ. ಎಫ್ 5.6ಕ್ಕೆ ತೆರೆದರೆ 1.2 ಮೀಟರಿನಿಂದ 6 ಮೀಟರ್. ಒಂದು ಇಂಚಿನ ಸೆನ್ಸರಿನವರು ಎಫ್ 5.6ರಲ್ಲೇ ಎಫ್ 8ರ ಫಲ ಪಡೆಯುತ್ತಾರೆ. ಅದಕ್ಕಿಂತ ತೀರ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಚಿತ್ರ ಮೆತ್ತಗಾಗುತ್ತದೆ.

ಈಗ ಎರಡು ಮೀಟರನ್ನು ಮೈಗೆ ಕಲಿಸಬೇಕು. ನಮ್ಮಲ್ಲಿ ಹೂವಿನವರು ಇವತ್ತಿಗೂ ಮೊಳದಲ್ಲಿ ಅಳೆಯುತ್ತಾರೆ, ಬಾವಿಯ ಹಗ್ಗಕ್ಕೆ ಮಾರಿನ ಲೆಕ್ಕವಿದೆ. ಎರಡೂ ಕೈ ಚಾಚಿದರೆ ಒಂದು ಮಾರು, ಅದು ಹೆಚ್ಚುಕಡಿಮೆ ನಿಮ್ಮ ಎತ್ತರದಷ್ಟೇ. ಎರಡು ಮೀಟರೆಂದರೆ ಒಂದು ಮಾರಿಗೆ ಒಂದು ಗೇಣು ಸೇರಿಸಿದಷ್ಟು. ಮನೆಯ ಜಗಲಿಯಲ್ಲಿ ಅಳತೆ ಪಟ್ಟಿ ಹಾಸಿ ಗುರುತು ಮಾಡಿಕೊಳ್ಳಿ, ಕಂಬವೊಂದಕ್ಕೆ ದಿನಾ ಹತ್ತು ಸಲ ನಡೆದು ಬಂದು ನಿಲ್ಲಿ. ಹದಿನೈದು ದಿನಗಳಲ್ಲಿ ಕಾಲು ತಾನಾಗಿ ಆ ಜಾಗದಲ್ಲಿ ನಿಲ್ಲುತ್ತದೆ. 28 ಮಿ.ಮೀ. ನೋಟಕ್ಕೆ ಆ ದೂರದಲ್ಲಿ ಅಡ್ಡಡ್ಡ ಎರಡೂವರೆ ಮೀಟರ್, ಎತ್ತರದಲ್ಲಿ 1.7 ಮೀಟರ್ ಸಿಗುತ್ತದೆ. ಎಂದರೆ ನಿಂತ ಆಳೊಬ್ಬರು ಅಡಿಯಿಂದ ಮುಡಿಯವರೆಗೆ, ಅವರ ಅಕ್ಕಪಕ್ಕದ ಬುಟ್ಟಿ, ತಕ್ಕಡಿ, ಗಿರಾಕಿ ಎಲ್ಲವೂ. ಮಾತನಾಡುವ ದೂರವೂ ಇದೇ. ಈ ದೂರದಲ್ಲಿ ನಿಂತು ಮಾತನಾಡದೆ ಇರುವುದೇ ಕಷ್ಟ.

ಬಣ್ಣ ಬೂದಾಗುವ ಬಗೆ

ಸಾಮಾನ್ಯ ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ (ಫಿಲ್ಟರುಗಳ) ಚೌಕುಳಿ ಇರುತ್ತದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿದ ಈ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಅರ್ಧ ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಬಣ್ಣವನ್ನು ಬೂದು ಮಾಡುವಾಗ ಹೆಚ್ಚು ಬಳಕೆಯಲ್ಲಿರುವ ಒಂದು ಸೂತ್ರ ಹಸಿರಿಗೆ ನೂರಕ್ಕೆ 59, ಕೆಂಪಿಗೆ 30, ನೀಲಿಗೆ 11ರ ತೂಕ ಕೊಡುತ್ತದೆ. ಈ ಲೆಕ್ಕ ಗೊತ್ತಿಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲಿ ಮೋಸ ಹೋಗುವುದು ಖಂಡಿತ. ಚಿರೆಕಲ್ಲಿನ ಗೋಡೆಯ ಕೆಂಪು, ಅದರ ಮೇಲಿನ ಪಾಚಿಯ ಹಸಿರು ಕಣ್ಣಿಗೆ ಹಬ್ಬದಂತಿರುತ್ತವೆ. ಚಿತ್ರದಲ್ಲಿ ಎರಡೂ ಒಂದೇ ಬೂದಾಗಿ ಗೋಡೆ ಸಪ್ಪೆಯಾಗುತ್ತದೆ.

ಶೋಧಕದ ಗುಣ ಕಲಿಯಲು ಕಾವಿ ಕಲೆಗಿಂತ ಒಳ್ಳೆಯ ಪಾಠವಿಲ್ಲ. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನಿಂದ ಬರೆಯುವ ಈ ಚಿತ್ರಗಳು ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿವೆ. ಅನುಮತಿ ಕೇಳಿ ಒಂದು ಚಿತ್ರ ತೆಗೆದುಕೊಳ್ಳಿ. ಸಿಗದಿದ್ದರೆ ಸುಣ್ಣ ಬಳಿದ ಗೋಡೆಯಂಚಿಗೆ ಕೆಮ್ಮಣ್ಣಿನ ಪಟ್ಟಿಯೆಳೆದ ಹಳೆಯ ಮನೆಯೂ ಆದೀತು. ರಾ ಕಡತದಲ್ಲಿ ಕೆಂಪಿನ ತೂಕ ಹೆಚ್ಚಿಸಿ ನೋಡಿ, ಕಾವಿಯ ಗೆರೆಗಳು ಸುಣ್ಣದಲ್ಲಿ ಕರಗಿ ಹೋಗುತ್ತವೆ. ನೀಲಿಯ ತೂಕ ಹೆಚ್ಚಿಸಿ, ಅವೇ ಗೆರೆಗಳು ಕಪ್ಪು ಶಾಯಿಯಲ್ಲಿ ಬರೆದಂತೆ ಎದ್ದು ನಿಲ್ಲುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಉಳಿದ ವಿವರಣೆ ಬೇಡ.

ಇದರಲ್ಲಿ ನನಗೆ ಮುಖ್ಯವೆನಿಸುವುದು ಮುಖದ ಮಾತು. ನಮ್ಮ ಮೈಬಣ್ಣದಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ನೀಲಿ ಅಥವಾ ಹಸಿರಿನ ಕಡೆಗೆ ವಾಲಿದರೆ ಮುಖ ಕಪ್ಪಾಗಿ, ಕಣ್ಣು ಹಲ್ಲು ಮಾತ್ರ ಉಳಿಯುತ್ತವೆ. ಕ್ಯಾಮೆರಾಗಳಲ್ಲಿ ಸಿದ್ಧವಾಗಿ ಸಿಗುವ ಗಾಢ ಕಪ್ಪು-ಬಿಳುಪು ಶೈಲಿಗಳು ಜನಪ್ರಿಯವಾಗಿವೆ, ಆದರೆ ಬಿಸಿಲಿನಲ್ಲಿ ಇಡೀ ಬದುಕು ಕಳೆದವರ ಮುಖವನ್ನು ಅವು ಕತ್ತಲೆಗೆ ತಳ್ಳುತ್ತವೆ. ಅದನ್ನು ಕಲೆ ಎಂದು ಒಪ್ಪಲು ನನ್ನಿಂದಾಗದು. ಹಣೆಯ ಗೆರೆ, ಕೆನ್ನೆಯ ಹೊಳಪು, ಕಣ್ಣಿನ ಕೆಳಗಿನ ದಣಿವು ಎಲ್ಲವೂ ಬೂದಿನ ನಡುಹಂತಗಳಲ್ಲೇ ಇರುವುದು. ಆದ್ದರಿಂದ ಮೆದು ಶೈಲಿ ಆರಿಸಿ, ಮುಖಕ್ಕೆ ಸರಿಯಾಗುವಂತೆ ಬೆಳಕನ್ನು ಅಳೆಯಿರಿ, ಮನೆಯಲ್ಲಿ ಕೆಂಪು-ಕಿತ್ತಳೆಯ ತೂಕವನ್ನು ತುಸು ಏರಿಸಿ. ಹಿಂದಿನ ಆಕಾಶ ಬಿಳಿಚಿದರೆ ಬಿಳಿಚಲಿ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಕಪ್ಪು-ಬಿಳುಪು ಚಿತ್ರಗಳು ಎಲ್ಲಿ ಕಂಡರೂ ನಿಂತು ನೋಡಿ. ಮಕ್ಕಳು, ಕೂಲಿಯವರು, ದಾರಿಹೋಕರು. ಯಾರ ಮುಖವನ್ನೂ ಅವರು ಕತ್ತಲೆಗೆ ಬಿಟ್ಟುಕೊಟ್ಟಿಲ್ಲ.

ಬೆಳಕು ಯಾವ ದಿಕ್ಕಿನಿಂದ?

ಕಾರವಾರದಲ್ಲಿ ಬೆಟ್ಟದ ಸಾಲು ಸಮುದ್ರದ ಹತ್ತಿರಕ್ಕೇ ಬಂದಿದೆ. ಬೆಳಗಿನ ಸೂರ್ಯ ಬೆಟ್ಟ ದಾಟಿ ಬರಬೇಕಾದ್ದರಿಂದ ಪೇಟೆಗೆ ನೇರ ಬಿಸಿಲು ತುಸು ತಡ. ಆ ನಡುವಿನ ಹೊತ್ತಿನ ಬೆಳಕಿಗೆ ನೆರಳೇ ಇಲ್ಲ. ಮೀನು ಇಳಿಸುವವರು, ಐಸ್ ಒಡೆಯುವವರು, ಬುಟ್ಟಿ ಹೊತ್ತು ನಡೆಯುವವರ ಮುಖಗಳಿಗೆ ಅದು ಹೇಳಿಮಾಡಿಸಿದ್ದು. ಸಂಜೆಯ ಕಥೆ ತಿರುವುಮುರುವು. ಕಡಲಿನ ಮೇಲಿಂದ ಅಡ್ಡಲಾಗಿ ಬರುವ ಬೆಳಕಿಗೆ ಯಾವ ಅಡ್ಡಿಯೂ ಇಲ್ಲ. ಟ್ಯಾಗೋರ್ ಕಡಲತೀರದ ಕಡೆಗೆ ಹೊರಳುವ ಯಾವುದೇ ಓಣಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಬರುವವರೆಲ್ಲ ಕಪ್ಪು ಆಕೃತಿಗಳು, ಪೂರ್ವಕ್ಕೆ ತಿರುಗಿದರೆ ಆ ಕಡೆಯಿಂದ ಬರುವವರ ಮುಖದ ತುಂಬ ಬೆಳಕು. ಒಂದೇ ಜಾಗದಲ್ಲಿ ನಿಂತು ಮೈ ತಿರುಗಿಸುವುದಷ್ಟೇ ಕೆಲಸ. 

ನಡುಹಗಲಿನಲ್ಲಿ ಮನೆಗೆ ಹೋಗಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ತಾಡಪಾಲುಗಳ ನಡುವಿನ ಸಂದಿಯಿಂದ ಇಳಿಯುವ ಬಿಸಿಲಿನ ಪಟ್ಟಿಯನ್ನು ಹುಡುಕಿ. ಅದರಿಂದ ಒಂದು ಮಾರು ಹಿಂದೆ ನಿಂತು, ಬಿಸಿಲಿಗೆ ಸರಿಯಾಗಿ ಎಕ್ಸ್‌ಪೋಷರ್ (ಚಿತ್ರಕ್ಕೆ ಸೇರುವ ಬೆಳಕಿನ ಪ್ರಮಾಣ) ಹೊಂದಿಸಿ, ಬಿಳಿ ಅಂಗಿ ಸುಟ್ಟು ಹೋಗದಂತೆ 0.7ರಷ್ಟು ಇಳಿಸಿ, ಕಾಯಿರಿ. ಕಾಲು ಗಂಟೆಯಲ್ಲಿ ಯಾರಾದರೊಬ್ಬರು ಆ ಪಟ್ಟಿಯೊಳಗೆ ಕಾಲಿಟ್ಟೇ ಇಡುತ್ತಾರೆ. ಬೇಟೆಗಿಂತ ಕಾಯುವುದು ನಮ್ಮ ಪೇಟೆಗೆ ಒಪ್ಪುತ್ತದೆ. ರಾತ್ರಿ ಅಂಗಡಿಗಳ ಎಲ್‌ಇಡಿ ದೀಪದಡಿ ಪಟ್ಟೆಪಟ್ಟೆ ಮೂಡಿದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಯಾಂತ್ರಿಕ ಶಟರ್ ಬಳಸಿ, ವೇಗವನ್ನು 100ನೇ ಒಂದು ಭಾಗಕ್ಕೆ ಇಳಿಸಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ದೀಪ ಮಿಣುಕುವುದು ಅದರ ಎರಡರಷ್ಟು.

ಮುಂದೆ ಬಂದು ನೋಡುವುದು

ಎರಡನೆಯ ವರ್ಷ ಮೀನು ಪೇಟೆಯಲ್ಲಿ ಒಬ್ಬ ಹಿರಿಯ ಹೆಂಗಸು ಇಸೋಣ ಕತ್ತರಿಸುತ್ತಿದ್ದುದನ್ನು ಹಿಂದಿನಿಂದ ಬಾಗಿ ತೆಗೆದು ಸದ್ದಿಲ್ಲದೆ ಸರಿದೆ. ಆಕೆ ಕತ್ತಿ ಕೆಳಗಿಟ್ಟು ಕರೆದರು. ‘ತಮ್ಮಾ, ನೋಡಿದ್ದು ಮೀನನ್ನೋ, ನನ್ನನ್ನೋ? ನನ್ನನ್ನಾದರೆ ಮುಂದೆ ಬಂದು ನೋಡು.’ ಅಂದು ನಾಚಿಕೆಯಿಂದ ಮನೆಗೆ ಬಂದೆ, ಆ ಚಿತ್ರವನ್ನು ಅಳಿಸಿದೆ. ಮುಂದಿನ ಭಾನುವಾರ ಹೋಗಿ ‘ಅಕ್ಕಾ, ಒಂದು ಫೋಟೊ ತೆಗೆಯಲೇ?’ ಎಂದು ಕೇಳಿದೆ. ಅಂದಿನಿಂದ ನನ್ನ ಕ್ರಮ ಹೀಗಿದೆ: ಕ್ಯಾಮೆರಾ ಕುತ್ತಿಗೆಯಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಮೊದಲು ವ್ಯಾಪಾರ, ಆಮೇಲೆ ಪ್ರಶ್ನೆ. ಒಪ್ಪಿದ ಕೂಡಲೇ ತೆಗೆಯುವುದಿಲ್ಲ, ಏಕೆಂದರೆ ಆಗ ಸಿಗುವುದು ಮತ್ತೆ ಅದೇ ಫೋಟೊದ ನಗು. ಮಾತು ಮುಂದುವರಿಸುತ್ತೇನೆ, ಮತ್ತೊಬ್ಬ ಗಿರಾಕಿ ಬಂದು ಚೌಕಾಸಿ ಶುರುವಾದಾಗ ಎದೆಯ ಮಟ್ಟದಿಂದಲೇ ಒಂದೆರಡು ತೆಗೆಯುತ್ತೇನೆ. ಫೋಕಸ್ ಮೊದಲೇ ಕಟ್ಟಿರುವುದರಿಂದ ಕ್ಯಾಮೆರಾ ಕಣ್ಣಿಗೆ ಹಿಡಿಯುವ ಅಗತ್ಯವಿಲ್ಲ. ಬೇಡ ಎಂದವರ ಬಳಿ ಎರಡನೆಯ ಸಲ ಕೇಳುವುದಿಲ್ಲ. ಕಾರವಾರದ ಕಡೆ ಕೊಂಕಣಿಯಲ್ಲಿ ನಾಲ್ಕು ಮಾತು ಬಂದರೆ ಅರ್ಧ ಕೆಲಸ ಆದಂತೆ.

ಅಂಕೋಲೆ, ಕುಮಟೆಯ ಪೇಟೆಗಳಲ್ಲಿ ತರಕಾರಿ, ಸೊಪ್ಪು ಮಾರುವ ಹಾಲಕ್ಕಿ ಸಮುದಾಯದ ಹೆಣ್ಣುಮಕ್ಕಳ ಮಣಿಸರದ ಚಿತ್ರಗಳು ಬೇಕಾದಷ್ಟಾಗಿವೆ. ಕಪ್ಪು-ಬಿಳುಪಿಗೆ ಇಲ್ಲೊಂದು ದೊಡ್ಡ ಗುಣವಿದೆ. ಮಣಿಗಳ ಬಣ್ಣ ಹಿಂದೆ ಸರಿಯುತ್ತದೆ, ಮುಖ ಮುಂದೆ ಬರುತ್ತದೆ, ಬಸಳೆಯ ಕಟ್ಟು ಬಿಗಿಯುವ ಬೆರಳುಗಳ ಚುರುಕು ಕಾಣುತ್ತದೆ. ವೇಷಭೂಷಣವನ್ನಷ್ಟೇ ತೆಗೆದುಕೊಂಡು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕ್ಯಾಮೆರಾ ಕಿಸೆಯಲ್ಲೇ ಇರಬೇಕಾದ ಜಾಗಗಳೂ ಇವೆ. ಬಿಣಗಾ, ಅರ್ಗಾ ಕಡೆಯ ಹೆದ್ದಾರಿಯಿಂದ ಐಎನ್‌ಎಸ್ ಕದಂಬ ನೌಕಾನೆಲೆಯತ್ತ ಲೆನ್ಸ್ ತಿರುಗಿಸಬೇಡಿ. ನಿಷೇಧಿತ ಪ್ರದೇಶಗಳ ಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ಅಪರಾಧವಾಗಬಲ್ಲದು. ಬಂದರಿನೊಳಗೆ ಹೋಗುವ ಮೊದಲು ಕಾವಲಿನವರನ್ನು ಕೇಳಿ. ಗೋಕರ್ಣದಲ್ಲಿ ರಥಬೀದಿ ನಿಮ್ಮದು, ಗುಡಿಯ ಒಳಗಲ್ಲ. ಕೋಟಿತೀರ್ಥದ ಮೆಟ್ಟಿಲಲ್ಲಿ ಪಿತೃಕಾರ್ಯಕ್ಕೆ ಕುಳಿತವರನ್ನು ಅವರ ಪಾಡಿಗೆ ಬಿಡಿ.

ಘಟ್ಟದ ಮೇಲೆ

ಶಿರಸಿಯ ಬೆಳಕು ಬೇರೆ. ಮರಗಳ ನೆರಳು, ಮುಂಜಾನೆಯ ಇಬ್ಬನಿ, ತಣ್ಣನೆಯ ಗಾಳಿ. ದೇವಿಕೆರೆಯ ಸುತ್ತ ಬೆಳಗಿನ ಏಳರಿಂದ ಎಂಟರವರೆಗೆ ಒಂದು ವಾರ ನಡೆದರೆ ಪೇಟೆಯ ದಿನಚರಿ ಗೊತ್ತಾಗುತ್ತದೆ, ಅಲ್ಲಿಂದ ಸಿ.ಪಿ. ಬಜಾರಿಗೆ ನಡೆಯಿರಿ. ಅಡಿಕೆ ವಹಿವಾಟಿನ ಜಾಗದಲ್ಲಿ ಬಿಳಿ ಅಂಗಿ, ಬಿಳಿ ಪಂಚೆ, ಗೋಣಿಚೀಲಗಳ ನಡುವೆ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಮಂಕು ಬಿಳುಪು, ಕೆಂಪಡಿಕೆಯ ಗಾಢ ಬಣ್ಣ ಎಲ್ಲವೂ ಬೂದಿನ ಮೆಟ್ಟಿಲುಗಳೇ. ಅಡಿಕೆಯನ್ನು ಅಂಗೈಯಲ್ಲಿಟ್ಟು ಒಡೆದು ನೋಡುವ ಬೆಳೆಗಾರನ ಮುಖದಲ್ಲಿ ವರ್ಷದ ಲೆಕ್ಕವೇ ಇರುತ್ತದೆ. ಅಲ್ಲಿಯೂ ಕೇಳಿಯೇ ಒಳಗೆ ಹೋಗಿ. ಒಂದು ಚಹಾದ ಹೊತ್ತು ಕುಳಿತರೆ ಯಾರೂ ಬೇಡ ಎನ್ನುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಬಿಡ್ಕಿಬೈಲಿನ ಜನಸಾಗರ ಹೊಸಬರನ್ನು ದಿಕ್ಕೆಡಿಸುತ್ತದೆ. ಗದ್ದುಗೆಯ ಕಡೆಗೆ ನುಗ್ಗದೆ ಬಳೆ ಅಂಗಡಿಯೊಂದರ ಮೂಲೆ ಹಿಡಿಯಿರಿ. ಹೋಳಿಯ ಹೊತ್ತಿನ ಜನಪದ ಕುಣಿತ ಬೇಡರ ವೇಷ ಕಷ್ಟದ ಪಾಠ: ರಾತ್ರಿ, ಓಟ, ನವಿಲುಗರಿ, ವೇಷಧಾರಿಯನ್ನು ಹಗ್ಗದಿಂದ ಹಿಡಿದೆಳೆಯುವವರು. ಎಫ್ 2.8, ಐಎಸ್‌ಒ 6400, ಶಟರ್ 125ನೇ ಒಂದು ಭಾಗ, ಫೋಕಸ್ ಮೂರು ಮೀಟರಿಗೆ ಕಟ್ಟಿದರೆ ಜಿಆರ್ 3ರಲ್ಲಿ ಎರಡರಿಂದ ಆರು ಮೀಟರ್ ಸ್ಪಷ್ಟ. ಗರಿಗಳು ಕದಲಿ ಮಸುಕಾದರೆ ಒಳ್ಳೆಯದೇ, ಕಣ್ಣು ಮಾತ್ರ ನಿಂತಿರಬೇಕು.

ಮಳೆಗಾಲ

ನಮ್ಮ ಜಿಲ್ಲೆಯ ಕಪ್ಪು-ಬಿಳುಪಿನ ಹಂಗಾಮು ಮಳೆಗಾಲವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ, ಬಲೆ ಹೆಣೆಯುವ ಕೈಗಳು ಬಿಡುವಿನಲ್ಲಿ. ಮಾತಿಗೆ ಸಿಗುವ ಕಾಲ ಅದು. ಒದ್ದೆ ಟಾರು ರಸ್ತೆ ಕನ್ನಡಿಯಾಗುತ್ತದೆ, ಘಟ್ಟದ ಮೇಲೆ ಕಂಬಳಿಕೊಪ್ಪೆ ಹೊದ್ದವರು ಇನ್ನೂ ಕಾಣಸಿಗುತ್ತಾರೆ. ಬೇಸಿಗೆಯಲ್ಲಿ ಎಕ್ಸ್‌ಪೋಷರ್ ಇಳಿಸಿದಂತೆ ಇಲ್ಲಿ 0.7ರಷ್ಟು ಏರಿಸಬೇಕು. ಬೆಳ್ಳಗಿನ ಮೋಡವನ್ನು ನೋಡಿ ಕ್ಯಾಮೆರಾ ಎಲ್ಲವನ್ನೂ ಮಂಕು ಮಾಡುತ್ತದೆ, ಕೊಡೆಯ ಕೆಳಗಿನ ಮುಖ ಕಳೆದುಹೋಗುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾಮೆರಾ. ಪುಟ್ಟದ್ದರಿಂದ ಮಾತ್ರ ಸಾಧ್ಯ.

ನನ್ನ ಮೊದಲ ಕ್ಯಾಮೆರಾ ಹೋದದ್ದು ಕೂಡ ಮಳೆಯಲ್ಲೇ, ಆದರೆ ನೆನೆದಲ್ಲ. ಚರ್ಮದ ಚೀಲದಲ್ಲಿ ಭದ್ರವಾಗಿ ಮುಚ್ಚಿ ಕಪಾಟಿನಲ್ಲಿಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದು ನೋಡಿದರೆ ಲೆನ್ಸಿನೊಳಗೆ ಬೂಷ್ಟು ಹೂಬಿಟ್ಟಿತ್ತು. ಚೀಲದ ತೇವವೇ ಅದನ್ನು ಬೆಳೆಸಿತ್ತು. ಈಗ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಆರಿಸಿ, ಮತ್ತೆ ಹಾಕುತ್ತೇನೆ. ಅಕ್ಕಿಯಲ್ಲಿ ಹುಗಿಯಬೇಡಿ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಕಡಲ ದಂಡೆಯಿಂದ ಬಂದ ದಿನ ತುಸುವೇ ಒದ್ದೆ ಮಾಡಿದ ಹತ್ತಿ ಬಟ್ಟೆಯಿಂದ ಮೈಯ ಉಪ್ಪು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಆಮೇಲೆ ಡಬ್ಬಿಗೆ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ. ಹತ್ತು ನಿಮಿಷ ಬಿಡಿ, ತಾನಾಗಿ ತಿಳಿಯಾಗುತ್ತದೆ.

ಕಾಗದದ ಮೇಲೆ

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಸಾಕು. ಬಣ್ಣಗಳ ತೂಕ ಬದಲಿಸಿ, ಮುಖದ ಬೂದು ಸರಿಮಾಡಿ, ನಿಲ್ಲಿಸಿ. ಒಂದು ದಿನದ ಚಿತ್ರಗಳಲ್ಲಿ ಮೂರಕ್ಕಿಂತ ಹೆಚ್ಚು ಉಳಿಸಿಕೊಳ್ಳಬೇಡಿ, ಆಯ್ಕೆಯನ್ನು ಒಂದು ವಾರ ಬಿಟ್ಟು ಮಾಡಿ.

ಆಮೇಲೆ ಅಚ್ಚು ಹಾಕಿಸಿ. ಸ್ಟುಡಿಯೋಗಳಲ್ಲಿ ಬಣ್ಣದ ಕಾಗದದ ಮೇಲೆಯೇ ಕಪ್ಪು-ಬಿಳುಪನ್ನು ಮುದ್ರಿಸುವುದರಿಂದ ಕೆಲವೊಮ್ಮೆ ಹಸಿರು ಅಥವಾ ನೇರಳೆಯ ಛಾಯೆ ಬರುತ್ತದೆ. ಬಣ್ಣವನ್ನು ಯಂತ್ರ ತಾನಾಗಿ ತಿದ್ದುವುದನ್ನು ನಿಲ್ಲಿಸುವಂತೆ ಹೇಳಿ, ಮೊದಲು ಒಂದೇ ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ನಾಲ್ಕು-ಆರು ಇಂಚಿನ ಅಳತೆ 3:2ರ ಚಿತ್ರಕ್ಕೆ ಸರಿಹೊಂದುತ್ತದೆ. ಹಳೆಯ ಪುಟ್ಟ ಕ್ಯಾಮೆರಾದ 4:3 ಚಿತ್ರವಾದರೆ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ, ತಲೆಯ ಮೇಲೆ ಜಾಗ ಬಿಟ್ಟೇ ತೆಗೆಯಿರಿ. ಹಿಂಬದಿಗೆ ಪೆನ್ಸಿಲಿನಲ್ಲಿ ದಿನಾಂಕ ಬರೆಯಿರಿ. ಎರಡು ಪ್ರತಿ ಮಾಡಿಸಿ, ಒಂದನ್ನು ಚಿತ್ರದಲ್ಲಿರುವವರಿಗೆ ಕೊಡಿ. ಮೀನು ಪೇಟೆಗೆ ಒಯ್ಯುವುದಾದರೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಬಾಯಿ ಅಂಟಿಸಿ ಒಯ್ಯಿರಿ. ಅಲ್ಲಿ ಎಲ್ಲರ ಕೈಯೂ ಒದ್ದೆಯಿರುತ್ತದೆ, ಕೊಟ್ಟ ಕೂಡಲೇ ಅದು ಹತ್ತು ಜನರ ಕೈ ದಾಟುತ್ತದೆ.